ಬಾಯ್ಲರ್ ರೂಮಿನ ಗೆಳೆಯ

ಡಿಸೆಂಬರ್ 10, 2023, ಭಾನುವಾರ
ಕಾರವಾರ

ನಿನ್ನೆ ಶಿರಸಿ ಕಡೆಗೆ ಹೋಗಿದ್ದೆ, ಗೆಳೆಯನ ಹದಿಮೂರನೇ ದಿನದ ಊಟಕ್ಕೆ. ಅವನ ಹೆಸರು ಬರೆಯುವುದಿಲ್ಲ, ಅವನಿಗೆ ಇಂಥದ್ದೆಲ್ಲ ಆಗುತ್ತಿರಲಿಲ್ಲ. ನೌಕಾಪಡೆಯ ವಿಮಾನವಾಹಕ ಹಡಗು ಐಎನ್‌ಎಸ್ ವಿರಾಟ್‌ನಲ್ಲಿ ನಾವಿಬ್ಬರೂ ಬಾಯ್ಲರ್ ರೂಮಿನವರು, ಒಂದೇ ವಾಚ್, ಅಂದರೆ ಒಂದೇ ಪಾಳಿ. ತೋಟದಿಂದ ಬಂದು ಜಗಲಿಯಲ್ಲಿ ಕೂತವನು ಮತ್ತೆ ಏಳಲಿಲ್ಲವಂತೆ. ಹೃದಯಾಘಾತ.

ಊಟದ ಪಂಕ್ತಿಯಲ್ಲಿ ಪಕ್ಕದ ನೆಂಟರೊಬ್ಬರು ಕೇಳಿದರು, "ಅವ ಯಾವ ಯುದ್ಧದಲ್ಲಿ ಇದ್ದಿದ್ದ?" ಯಾವುದರಲ್ಲೂ ಇಲ್ಲ ಅಂದೆ. ಅವರಿಗೆ ಸ್ವಲ್ಪ ನಿರಾಸೆ ಆಯಿತು. "ಹಾಗಾದ್ರೆ ಹಡಗಿನಲ್ಲಿ ಎಂತ ಮಾಡ್ತಿದ್ದ?" ಎಲೆ ಮುಂದೆ ಕೂತು ಹೇಳಿ ಮುಗಿಸುವ ಸಂಗತಿಯೇ ಅದು? ಇಲ್ಲಿ ಬರೆಯುತ್ತೇನೆ.

ವಿರಾಟ್ ಹಳೇ ಬ್ರಿಟಿಷ್ ಹಡಗು. 1959ರಲ್ಲಿ ಹರ್ಮಿಸ್ ಎಂಬ ಹೆಸರಿನಲ್ಲಿ ಅವರ ನೌಕಾಪಡೆ ಸೇರಿತ್ತು, 1987ರಲ್ಲಿ ನಮ್ಮ ನೌಕಾಪಡೆಗೆ ಬಂತು. ಸುಮಾರು 28,000 ಟನ್. ಡೆಕ್ಕಿನ ಮೇಲಿಂದ ಸೀ ಹ್ಯಾರಿಯರ್ ವಿಮಾನಗಳು ಹಾರುತ್ತಿದ್ದವು, ಫೋಟೋದಲ್ಲಿ ಬರುವುದು ಅವೇ. ಕೆಳಗೆ ಎಣ್ಣೆ ಸುಟ್ಟು, ನೀರು ಕಾಯಿಸಿ, ಆ ಹಬೆಯಿಂದ ಟರ್ಬೈನ್ ತಿರುಗಿಸುವವರು ನಾವು.

ಅವನು ನಿಲ್ಲುತ್ತಿದ್ದದ್ದು ಗೇಜ್ ಗ್ಲಾಸ್ ಮುಂದೆ. ಬಾಯ್ಲರಿನೊಳಗೆ ನೀರು ಎಷ್ಟಿದೆ ಅಂತ ತೋರಿಸುವ ಗಾಜು ಅದು. ನೀರು ತೀರಾ ಇಳಿದರೆ ಟ್ಯೂಬುಗಳು ಸುಟ್ಟು ಒಡೆಯುತ್ತವೆ. ತೀರಾ ಏರಿದರೆ ಹಬೆಯ ಜೊತೆ ನೀರೂ ಹೋಗಿ ಟರ್ಬೈನಿನ ಬ್ಲೇಡುಗಳನ್ನು ಹಾಳು ಮಾಡುತ್ತದೆ. ತಮಾಷೆ ಏನಂದರೆ ಆ ಗಾಜು ಸುಳ್ಳನ್ನೂ ಹೇಳುತ್ತದೆ. ಹಡಗು ಒಮ್ಮೆಲೇ ವೇಗ ಏರಿಸಿದಾಗ ಟರ್ಬೈನ್ ಜಾಸ್ತಿ ಹಬೆ ಎಳೆಯುತ್ತದೆ, ಒಳಗಿನ ನೀರು ಉಕ್ಕುವ ಹಾಲಿನ ಹಾಗೆ ಉಬ್ಬುತ್ತದೆ. ಗಾಜಿನಲ್ಲಿ ಮಟ್ಟ ಮೇಲೆ, ನಿಜದಲ್ಲಿ ನೀರು ಕಡಿಮೆ. ಹೊಸ ಹುಡುಗರು ಗಾಜನ್ನು ನಂಬಿ ನೀರು ಬಿಡುವುದನ್ನು ನಿಲ್ಲಿಸಲು ಹೋಗುತ್ತಿದ್ದರು. ಇವನು ಅವರ ಕೈ ಹಿಡಿದು ತಡೆಯುತ್ತಿದ್ದ. ಮಾತಾಡಿದರೆ ಆ ಸದ್ದಿನಲ್ಲಿ ಕೇಳುತ್ತಲೂ ಇರಲಿಲ್ಲ ಬಿಡಿ.

ಬಾಯ್ಲರಿಗೆ ಸಮುದ್ರದ ನೀರು ನಡೆಯುವುದಿಲ್ಲ. ಕಾಯಿಸಿ, ಉಪ್ಪು ಬಿಟ್ಟು, ಭಟ್ಟಿ ಇಳಿಸಿದ ನೀರೇ ಆಗಬೇಕು. ಹಡಗಿನಲ್ಲಿ ತಯಾರಾಗುವ ಸಿಹಿನೀರಿನಲ್ಲಿ ಮೊದಲ ಪಾಲು ಅದರದು, ನಮ್ಮ ಸ್ನಾನ ಆಮೇಲೆ. ವಿರಾಟ್‌ನ ಧ್ಯೇಯವಾಕ್ಯ 'ಜಲಮೇವ ಯಸ್ಯ, ಬಲಮೇವ ತಸ್ಯ', ನೀರು ಯಾರದೋ ಬಲ ಅವರದೇ ಅಂತ. "ಇದು ಅಡ್ಮಿರಲ್‌ಗಳಿಗೆ ಬರೆದದ್ದಲ್ಲ ಮಾರಾಯ, ನಮ್ಮ ಬಾಯ್ಲರಿಗೆ ಬರೆದದ್ದು" ಅನ್ನುತ್ತಿದ್ದ, ಮೈಗೆ ಸೋಪು ಹಚ್ಚಿಕೊಂಡು ನಲ್ಲಿ ಮುಂದೆ ಕಾಯುತ್ತಾ.

ಮೀನು ಮುಟ್ಟದ ಶಿರಸಿ ಹುಡುಗ ಅವನು, ಮೀನಿಲ್ಲದೆ ಅನ್ನ ಇಳಿಯದ ಕಾರವಾರದವನು ನಾನು. ಮೆಸ್ಸಿನಲ್ಲಿ ನನಗೆ ಎರಡು ಪಾಲು ಸಿಗುತ್ತಿತ್ತು. ರಜೆ ಮುಗಿಸಿ ಬರುವಾಗ ಅವನ ಟ್ರಂಕಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿ ಖಾಯಂ. ಮುಚ್ಚಳ ತೆಗೆದರೆ ಸಾಕು, ಪಂಜಾಬಿ, ಮಲಯಾಳಿ ಎನ್ನದೆ ಎಲ್ಲರೂ ತಟ್ಟೆ ಹಿಡಿದು ಹಾಜರ್. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಅಂತಲೇ ರಜೆ ಉಳಿಸಿಡುತ್ತಿದ್ದ.

ನಿವೃತ್ತಿ ಆದಮೇಲೂ ಹೊಗೆ ಕಂಡರೆ ಬಿಡುತ್ತಿರಲಿಲ್ಲ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು, ಬಿಳಿ ಹೊಗೆ ಬಂದರೆ ಗಾಳಿ ಜಾಸ್ತಿ, ನಮಗೆ ಕಲಿಸಿದ್ದೇ ಅದು. ಇಲ್ಲಿಗೆ ಬಂದಾಗ ಟ್ಯಾಗೋರ್ ಬೀಚಿನಲ್ಲಿ ಪ್ರದರ್ಶನಕ್ಕಿಟ್ಟ ಚಪಲ್ ಯುದ್ಧಹಡಗು ನೋಡದೆ ಹೋಗುತ್ತಿರಲಿಲ್ಲ. "1971ರ ಯುದ್ಧದಲ್ಲಿ ಕರಾಚಿ ಮೇಲೆ ದಾಳಿಗೆ ಹೋಗಿದ್ದು ಇದೇ" ಅಂತ ಯಾರಾದರೂ ಮಕ್ಕಳಿಗೆ ಹೇಳಿದರೆ ನಿಂತು ತಿದ್ದುತ್ತಿದ್ದ: ಅದೇ ಜಾತಿಯ ದೋಣಿ ಹೌದು, ಆದರೆ ಇದು ಸೇವೆಗೆ ಬಂದದ್ದು 1976ರಲ್ಲಿ. ಎಲ್ಲರೂ ಕ್ಷಿಪಣಿ ಪಕ್ಕ ಫೋಟೋ ತೆಗೆಸಿಕೊಂಡು ಹೋಗುತ್ತಾರೆ, ಇಂಜಿನ್ ಬಗ್ಗೆ ಒಬ್ಬರೂ ಕೇಳುವುದಿಲ್ಲ ಅನ್ನುವುದು ಅವನ ದೂರು. ನನ್ನದೂ ಅದೇ. ಮೊನ್ನೆ ಸೋಮವಾರ ನೌಕಾ ದಿನಕ್ಕೆ ಟಿವಿಯಲ್ಲಿ ಕಂಡದ್ದೂ ಬರೀ ಮೇಲಿನ ಡೆಕ್ಕು.

2020ರ ಸೆಪ್ಟೆಂಬರಿನಲ್ಲಿ ವಿರಾಟನ್ನು ಒಡೆಯಲು ಗುಜರಾತಿನ ಅಲಂಗ್‌ಗೆ ಎಳೆದುಕೊಂಡು ಹೋದರಲ್ಲ, ಆ ದಿನ ಫೋನ್ ಮಾಡಿದ್ದ. ಅಳುತ್ತಾನೆ ಅಂದುಕೊಂಡಿದ್ದೆ. "ಬಾಯ್ಲರ್ ಟ್ಯೂಬು ಒಂದು ತುಂಡು ಸಿಕ್ಕರೆ ತರಿಸ್ಬೇಕಿತ್ತು. ನಾವು ಇಟ್ಟುಕೊಂಡಷ್ಟು ಚೆನ್ನಾಗಿ ಆಮೇಲಿನವ್ರು ಇಟ್ಟುಕೊಂಡಿದ್ರಾ ಅಂತ ನೋಡ್ಬೇಕಿತ್ತು" ಅಂದ.

ನಿನ್ನೆ ಅವರ ಅಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆ ಒಲೆ ಮೇಲೇ ಇತ್ತು. ಕೊಯ್ಲು ಸಾವಿಗೆ ಕಾಯುತ್ತದೆಯೇ. ಅತ್ತಿಗೆ "ಆಸ್ರಿಗೆ ಎಂತ ಕೊಡ್ಲಿ?" ಅಂತ ಕೇಳಿ ಮಜ್ಜಿಗೆ ಕೊಟ್ಟರು. ಆಮೇಲೆ ಅವನ ಟ್ರಂಕು ತಂದಿಟ್ಟರು. ಪಿಂಚಣಿ ಆದೇಶದ ಕಾಗದ, ಡಿಸ್ಚಾರ್ಜ್ ಬುಕ್ಕು, ಬ್ಯಾಂಕಿನ ಜಂಟಿ ಖಾತೆಯ ಪಾಸ್‌ಬುಕ್ಕು, ಎಲ್ಲವೂ ಪ್ಲಾಸ್ಟಿಕ್ ಕವರಿನಲ್ಲಿ ವರ್ಷದ ಪ್ರಕಾರ ಜೋಡಿಸಿದ್ದವು. ಕುಟುಂಬ ಪಿಂಚಣಿಗೆ ಇನ್ನು ಮರಣ ಪ್ರಮಾಣಪತ್ರ ಒಂದು ಸೇರಿಸಬೇಕು. ಮಂಗಳವಾರ ಮಗನ ಜೊತೆ ಕಾರವಾರಕ್ಕೆ ಬರುತ್ತಾರೆ, ಸೇನಾ ಪಿಂಚಣಿಯ ಸ್ಪರ್ಶ್ ಪೋರ್ಟಲ್‌ನಲ್ಲಿ ನಾನೇ ತುಂಬಿಸಿ ಕೊಡುತ್ತೇನೆ ಅಂದಿದ್ದೇನೆ. ಅವರು ಊಟಕ್ಕೆ ನಿಲ್ಲುತ್ತಾರೆ, ಆವತ್ತು ಮನೆಯಲ್ಲಿ ಮೀನು ಇಲ್ಲ.