ಬ್ಲೂಸ್ ಎಲ್ಲಿಂದ ಶುರು ಮಾಡಲಿ? ಅಗ್ಗದ ಹಿಟ್ಸ್‌ನಿಂದಲೇ

ಮನೆಗೆ ಬಂದ ಗೆಳೆಯರು ನನ್ನ ಸಿಡಿಗಳ ಕಪಾಟು ನೋಡಿ ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ. ‘ಬ್ಲೂಸ್ ಕೇಳೋಕೆ ಎಲ್ಲಿಂದ ಶುರು ಮಾಡಲಿ? ಬಿ.ಬಿ. ಕಿಂಗ್ ಹೆಸರು ಕೇಳಿದ್ದೀನಿ. ಅವರ ಗ್ರೇಟೆಸ್ಟ್ ಹಿಟ್ಸ್ ಅಂತ ಒಂದು ಅಗ್ಗದ ಸಿಡಿ ಸಿಗ್ತಿದೆ. ಅದು ಸಾಕಾ, ಇಲ್ಲ ನಿಜವಾದ ಆಲ್ಬಂಗಳನ್ನೇ ಹುಡುಕಬೇಕಾ?’

ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಸಂಗೀತ, ಕಿಂಗ್ ಅದರ ಹೆಸರಾಂತ ಗಾಯಕ, ಗಿಟಾರ್ ವಾದಕ. ಆ ಅಗ್ಗದ್ದನ್ನೇ ತಗೊಳ್ಳಿ ಅನ್ನುತ್ತೇನೆ. ದುಡ್ಡು ಉಳಿಯುತ್ತದೆ ಅಂತಲ್ಲ. ಕಿಂಗ್ ಅವರ ಮೊದಲ ಆಲ್ಬಂ ಕೂಡ ಒಂದು ಅಗ್ಗದ ಹಿಟ್ಸ್ ಸಂಗ್ರಹವೇ ಆಗಿತ್ತು.

1950ರ ದಶಕದ ಅಮೆರಿಕದಲ್ಲಿ ಬ್ಲೂಸ್ ಅಂದರೆ ಬಿಡಿ ಹಾಡು. 78 ಆರ್‌ಪಿಎಂ ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷದ ಒಂದು ಹಾಡು. ಜನ ಅದನ್ನು ರೇಡಿಯೋದಲ್ಲಿ ಕೇಳುತ್ತಿದ್ದರು, ಇಲ್ಲ ಜ್ಯೂಕ್‌ಬಾಕ್ಸ್‌ಗೆ ನಾಣ್ಯ ಹಾಕಿ ಕೇಳುತ್ತಿದ್ದರು. ಹಾಗೆ ಬಂದ ಹಾಡುಗಳಲ್ಲಿ 12ನ್ನು ಆರಿಸಿ 1957ರಲ್ಲಿ ‘ಸಿಂಗಿನ್ ದ ಬ್ಲೂಸ್’ ಎಂಬ ಎಲ್‌ಪಿ, ಅಂದರೆ ಹಲವು ಹಾಡುಗಳು ಹಿಡಿಸುವ ದೊಡ್ಡ ಪ್ಲೇಟು, ಮಾಡಿದರು. ಅದರಲ್ಲಿ ನಾಲ್ಕು ಹಾಡುಗಳು ಅದಾಗಲೇ ಆರ್ ಅಂಡ್ ಬಿ (ಕಪ್ಪು ಜನರ ಜನಪ್ರಿಯ ಸಂಗೀತ) ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದ್ದವು. ಅದು ಬಂದಿದ್ದು ಕ್ರೌನ್ ಅನ್ನುವ ಕಡಿಮೆ ಬೆಲೆಯ ರೆಕಾರ್ಡ್ ಲೇಬಲ್‌ನಲ್ಲಿ.

ಆ ಲೇಬಲ್ ಬಿಹಾರಿ ಸಹೋದರರದು. ಹೆಸರು ನೋಡಿ ನಮ್ಮ ಬಿಹಾರದವರು ಅಂದುಕೊಳ್ಳಬೇಡಿ, ಅವರು ಹಂಗೇರಿ ಮೂಲದ ಯಹೂದಿ ಕುಟುಂಬದವರು. ಕಿಂಗ್ ಅವರ ಎಷ್ಟೋ ಹಾಡುಗಳಲ್ಲಿ ಬರೆದವರ ಹೆಸರಿನ ಜಾಗದಲ್ಲಿ ಕಿಂಗ್ ಜೊತೆಗೆ ‘ಟಾಬ್’, ‘ಜೋಸಿಯಾ’ ಅಂತ ಇರುತ್ತದೆ. ಅಂಥ ಕವಿಗಳು ಯಾರೂ ಇರಲಿಲ್ಲ. ಅವು ಆ ಸಹೋದರರೇ ಇಟ್ಟುಕೊಂಡ ಹೆಸರುಗಳು. ಹಾಡಿನ ಗಳಿಕೆಯಲ್ಲಿ ಪಾಲು ಆ ಹೆಸರುಗಳಿಗೆ ಹೋಗುತ್ತಿತ್ತು. ಹತ್ತಿ ಹೊಲದಲ್ಲಿ ದುಡಿದು ಬಂದ ಮನುಷ್ಯನಿಗೆ ಹೀಗೆ ಮಾಡಿದರಲ್ಲ ಅಂತ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಆದರೆ ಆ ಅಗ್ಗದ ರಟ್ಟಿನ ಕವರಿನೊಳಗೆ ಇದ್ದ ಸಂಗೀತ ಅಪ್ಪಟವಾದದ್ದು.

ಮೊದಲು ‘ತ್ರೀ ಓ ಕ್ಲಾಕ್ ಬ್ಲೂಸ್’ ಹಾಕಿ. ಹಾಡು ಮೂಲದಲ್ಲಿ ಲೊವೆಲ್ ಫುಲ್ಸನ್ ಅವರದು. ಕಿಂಗ್ ಅದನ್ನು 1951ರಲ್ಲಿ ಮೆಂಫಿಸ್‌ನ ವೈಎಂಸಿಎ ಕಟ್ಟಡದ ಒಂದು ಕೋಣೆಯಲ್ಲಿ ರೆಕಾರ್ಡ್ ಮಾಡಿದರು. ಬೆಳಗಿನ ಜಾವ ಮೂರು ಗಂಟೆ, ನಿದ್ದೆ ಇಲ್ಲ, ಪ್ರೀತಿಸಿದವಳು ಸಿಗುತ್ತಿಲ್ಲ. ಕತೆ ಅಷ್ಟೇ. ಒಂದು ಸಾಲು ಹಾಡುತ್ತಾರೆ. ಅದನ್ನೇ ಇನ್ನೊಮ್ಮೆ ಹಾಡುತ್ತಾರೆ. ಮೂರನೇ ಸಾಲಿನಲ್ಲಿ ಮಾತು ಮುಗಿಸುತ್ತಾರೆ. ಬ್ಲೂಸ್‌ನ ಕಟ್ಟು ಹೆಚ್ಚಾಗಿ ಇದೇ. ಈಗ ಸಾಲುಗಳ ನಡುವಿನ ಜಾಗಕ್ಕೆ ಕಿವಿ ಕೊಡಿ. ದನಿ ನಿಂತ ಕೂಡಲೇ ಗಿಟಾರ್ ಮಾತು ಎತ್ತಿಕೊಳ್ಳುತ್ತದೆ. ನಮ್ಮ ಕಚೇರಿಯಲ್ಲಿ ಪಿಟೀಲು ಹಾಡುವವರ ಜೊತೆಗೇ ಹೋಗುತ್ತದೆ, ಅಲ್ವಾ? ಇಲ್ಲಿ ಹಾಗಲ್ಲ. ಹಾಡುವಾಗ ಕಿಂಗ್ ನುಡಿಸುವುದಿಲ್ಲ, ನುಡಿಸುವಾಗ ಹಾಡುವುದಿಲ್ಲ. ಎರಡನ್ನೂ ಒಟ್ಟಿಗೆ ಮಾಡಲು ತನಗೆ ಬರುವುದಿಲ್ಲ ಅಂತ ಅವರೇ ಹೇಳುತ್ತಿದ್ದರು. ಅದರಿಂದಲೇ ಗಿಟಾರ್‌ಗೆ ಇನ್ನೊಬ್ಬ ಗಾಯಕನ ಸ್ಥಾನ ಸಿಕ್ಕಿತು.

ಅವರ ತಾಯಿಯ ಕಡೆಯ ನೆಂಟ ಬುಕ್ಕಾ ವೈಟ್ ಬೆರಳಿಗೆ ಕೊಳವೆ ಹಾಕಿಕೊಂಡು ತಂತಿಯ ಮೇಲೆ ಜಾರಿಸಿ ನುಡಿಸುತ್ತಿದ್ದರು. ಕಿಂಗ್‌ಗೆ ಅದು ಒಲಿಯಲಿಲ್ಲ. ಆ ಸದ್ದು ಮಾತ್ರ ಬೇಕಿತ್ತು. ಅದಕ್ಕೆ ಬರಿಗೈಯಲ್ಲೇ ತಂತಿ ಒತ್ತಿ, ಎಡಗೈ ನಡುಗಿಸಿ ಸ್ವರವನ್ನು ಅಲುಗಿಸುವುದನ್ನು ರೂಢಿಸಿಕೊಂಡರು. ವೀಣೆಯ ಗಮಕ ಕೇಳಿ ಬೆಳೆದವರಿಗೆ ಈ ನಡುಕ ಕೂಡಲೇ ತಾಕುತ್ತದೆ. ಒಂದೇ ಸ್ವರ, ಆದರೆ ಅದರಲ್ಲಿ ಉಸಿರಿದೆ. ಆಮೇಲೆ ಬಂದ ರಾಕ್ ಗಿಟಾರ್ ವಾದಕರಲ್ಲಿ ಇದನ್ನು ಕಲಿಯದವರು ಕಡಿಮೆ.

ಕೊಳ್ಳುವ ಮುಂಚೆ ಒಂದು ವಿಷಯ ನೋಡಿಕೊಳ್ಳಿ. ಕಿಂಗ್ 1962ರಲ್ಲಿ ಎಬಿಸಿ ಎಂಬ ಬೇರೆ ರೆಕಾರ್ಡ್ ಕಂಪನಿಗೆ ಹೋದರು. ಅದಕ್ಕೂ ಹಿಂದಿನ ರೆಕಾರ್ಡಿಂಗ್‌ಗಳು ಬಿಹಾರಿ ಸಹೋದರರ ಹಳೆಯ ಕಂಪನಿಯಲ್ಲೇ ಉಳಿದವು. ಹಾಗಾಗಿ ಅಗ್ಗದ ಸಂಗ್ರಹಗಳಲ್ಲಿ ಸಾಮಾನ್ಯವಾಗಿ ಅರ್ಧ ಕಿಂಗ್ ಮಾತ್ರ ಸಿಗುತ್ತಾರೆ. ಅವರ ಹೆಸರಾಂತ ಹಾಡು ‘ದ ಥ್ರಿಲ್ ಈಸ್ ಗಾನ್’ ಇದ್ದರೆ ಅದು 1969ರದೇ ಹೌದಾ ನೋಡಿ. ಪಿಟೀಲುಗಳ ಗುಂಪು ಹಿಂದೆ ಹರಿಯುತ್ತಿದ್ದರೆ ಅದೇ. ಇಸವಿಯನ್ನೇ ಹಾಕದ ಸಂಗ್ರಹ ಬೇಡ. ಅದರಲ್ಲಿ ಎಂದೋ ಮತ್ತೆ ಹಾಡಿದ್ದು, ವೇದಿಕೆಯಲ್ಲಿ ಹಾಡಿದ್ದು ಎಲ್ಲವನ್ನೂ ಬೆರೆಸಿರುತ್ತಾರೆ. ಕಡಿಮೆ ಬೆಲೆಗೆ ಒಂದೇ ಕೊಳ್ಳುವುದಾದರೆ 1950ರ ದಶಕದ ಹಾಡುಗಳಿರುವುದನ್ನು ಕೊಳ್ಳಿ.

ಅದನ್ನು ಒಂದು ತಿಂಗಳು ಕೇಳಿ. ಹಾಡುಗಳು ಬಾಯಿಗೆ ಬರಬೇಕು. ಆಮೇಲೆ ‘ಲೈವ್ ಅಟ್ ದ ರೀಗಲ್’ ಹಾಕಿ. 1964ರ ನವೆಂಬರ್ 21ರಂದು ಶಿಕಾಗೋದ ರೀಗಲ್ ಥಿಯೇಟರ್‌ನಲ್ಲಿ ನಡೆದ ಕಛೇರಿ ಅದು. ಎಲ್ಲರೂ ‘ನಿಜವಾದ ಆಲ್ಬಂ’ ಅಂತ ಹೇಳುವುದು ಇದನ್ನೇ. ಅದರಲ್ಲಿರುವ 10 ಹಾಡುಗಳಲ್ಲಿ 5 ಆ ಹಳೆಯ ಕ್ರೌನ್ ಎಲ್‌ಪಿಯಲ್ಲೂ ಇವೆ. ‘ಸ್ವೀಟ್ ಲಿಟಲ್ ಏಂಜಲ್’ ಶುರುವಾದಾಗ ಜನ ಕೂಗುವುದು ಕೇಳುತ್ತದೆ. ವರ್ಷಗಟ್ಟಲೆ ಜ್ಯೂಕ್‌ಬಾಕ್ಸ್‌ಗೆ ನಾಣ್ಯ ಹಾಕಿ ಆ ಹಾಡು ಕೇಳಿದವರು ಅವರು. ಆ ಹೊತ್ತಿಗೆ ನಿಮಗೂ ಹಾಡು ಗೊತ್ತಿರುತ್ತದೆ.