ಹುಲ್ಲಿನಲ್ಲಿ ಕಾಣದ ಕೆಂಪು ದಾರ

ಐದನೇ ತರಗತಿಗೆ, ಪ್ರಾಣಿಗಳು ಸುತ್ತಲಿನ ಬಣ್ಣದಲ್ಲಿ ಬೆರೆತು ಅಡಗುವ ಪಾಠ. ಮಳೆ ನಿಂತು ಮೈದಾನದ ಹುಲ್ಲು ಹಸಿರಾಗಿತ್ತು. ಉಣ್ಣೆ ದಾರವನ್ನು ಬೆರಳುದ್ದ ಕತ್ತರಿಸಿ ಚೆಲ್ಲಿದೆ. ಕೆಂಪು 50, ಹಸಿರು 50. ಇವು ಹುಳುಗಳು, ನೀವು ಹಕ್ಕಿಗಳು, ಒಂದು ನಿಮಿಷದಲ್ಲಿ ಸಿಕ್ಕಷ್ಟು ಹೆಕ್ಕಿ ಅಂದೆ. ಸುತ್ತಲಿನ ಶಾಲೆಗಳಿಗೆ ಹೋಗಿ ಪಾಠ ನೋಡುವ ಸಿಆರ್‌ಪಿ ಸರ್ ಅವತ್ತೇ ಬಂದಿದ್ದರು. ಕೆಂಪು ಜಾಸ್ತಿ ಸಿಗುತ್ತದೆ ಅಂತ ಪಾಠ ಯೋಜನೆಯಲ್ಲಿ ಮೊದಲೇ ಬರೆದಿದ್ದೆ.

ಹಾಗೇ ಆಯಿತು, ಒಬ್ಬ ಹುಡುಗನನ್ನು ಬಿಟ್ಟು. ಅವನ ಕೈಯಲ್ಲಿ ಮೂರು ಕೆಂಪು, ನಾಲ್ಕು ಹಸಿರು. ಕಾಲ ಹತ್ತಿರವೇ ಎರಡು ಕೆಂಪು ದಾರ ಬಿದ್ದಿದ್ದವು. "ಕಣ್ಣೆದುರಿಗೇ ಇದೆಯಲ್ಲೋ, ಗಮನ ಎಲ್ಲಿದೆ?" ಅಂದೆ. ದನಿ ಜೋರಾಗಿಯೇ ಇತ್ತು. ಮಕ್ಕಳು ನಕ್ಕರು. ಅವನು ಬಗ್ಗಿ ಹುಡುಕಿದ. ಕೈ ಹುಲ್ಲನ್ನು ಸವರುತ್ತಾ ದಾರದ ಪಕ್ಕದಲ್ಲೇ ಹಾದು ಹೋಯಿತು. ಆಗಲೂ ನನಗೆ ಹೊಳೆಯಲಿಲ್ಲ. ಬೇಕಂತಲೇ ಮಾಡುತ್ತಿದ್ದಾನೆ ಅನ್ನಿಸಿತು.

"ಎಲ್ಲಾ ಹುಲ್ಲಿನ ಥರಾನೇ ಇದೆ ಟೀಚರ್" ಅಂದ, ತಲೆ ಎತ್ತದೆ.

ಬಿಸಿಯೂಟ ಆದ ಮೇಲೆ ಅವನೊಬ್ಬನನ್ನೇ ಕರೆದೆ. ಎರಡೂ ಬಣ್ಣದ ದಾರ ಮೇಜಿನ ಮೇಲಿಟ್ಟು ಬೇರೆ ಮಾಡು ಅಂದೆ. ಬಹಳ ಹೊತ್ತು ನೋಡಿದ. ಅರ್ಧ ತಪ್ಪಾಯಿತು. ಜೂನ್‌ನಿಂದ ನನ್ನ ಮುಂದೆಯೇ ಕೂರುವ ಮಗು. ನಕಾಶೆಗೆ ತಪ್ಪು ಬಣ್ಣ ಹಾಕಿದ್ದಕ್ಕೆ ಎರಡು ಸಲ ಬೈದಿದ್ದೆ.

ಕೆಂಪು-ಹಸಿರಿನ ಗೊಂದಲ ಗಂಡುಮಕ್ಕಳಲ್ಲೇ ಜಾಸ್ತಿ, ಅದರ ಜೀನ್ ಎಕ್ಸ್ ಕ್ರೋಮೊಸೋಮಿನಲ್ಲಿದೆ ಅಂತ ಕಾಲೇಜಿನಲ್ಲಿ ಓದಿದ್ದೆ. ಪರೀಕ್ಷೆ ಬರೆದು ಮರೆತಿದ್ದೆ. ಬಣ್ಣಬಣ್ಣದ ಕಲಿಕಾ ಸಾಮಗ್ರಿ (ಟಿಎಲ್‌ಎಂ) ಮಾಡಿ ಅನ್ನುವ ತರಬೇತಿಗಳಲ್ಲೂ ಇದರ ಮಾತು ಬಂದದ್ದು ನಾನು ಕೇಳಿಲ್ಲ. ಬರಲೇಬೇಕು.

ಪಾಠದಲ್ಲೂ ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ಯಾರ ಕಣ್ಣಿಂದ ಅಡಗುವುದು ಅಂತ ಕೇಳಿರಲೇ ಇಲ್ಲ. ಬಂಡೀಪುರದ ಹುಲಿ ನಮಗೆ ಕಿತ್ತಳೆ ಬಣ್ಣ, ಹಸಿರಿನಲ್ಲಿ ಎದ್ದು ಕಾಣುತ್ತದೆ. ಬಣ್ಣ ಗುರುತಿಸುವ ಕೋಶಗಳು ನಮ್ಮ ಕಣ್ಣಿನಲ್ಲಿ ಮೂರು ಬಗೆ, ಜಿಂಕೆಗೆ ಎರಡೇ. ಅದರ ಕಣ್ಣಿಗೆ ಹುಲಿಯ ಕಿತ್ತಳೆಯೂ ಎಲೆಯ ಹಸಿರೂ ಹೆಚ್ಚುಕಡಿಮೆ ಒಂದೇ. ಮೇಲೆ ಪಟ್ಟೆಗಳು ಬೇರೆ, ಹುಲ್ಲಿನ ನೆರಳಿನ ಹಾಗೆ. ಮೈ ಎಲ್ಲಿ ಶುರು, ಎಲ್ಲಿ ಮುಗಿಯಿತು ಗೊತ್ತಾಗುವುದಿಲ್ಲ.

ಮರುದಿನ, ನಿನ್ನೆ ಬೈದದ್ದು ನನ್ನದೇ ತಪ್ಪು ಅಂತ ಎಲ್ಲರ ಮುಂದೆ ಹೇಳಿದೆ. ಅವನ ಕಣ್ಣಿನ ವಿಷಯ ಎತ್ತಲಿಲ್ಲ. ಹುಲಿ, ಜಿಂಕೆಯ ಪಾಠ ಮಾಡಿದೆ. ಅವನೇ ಕೈ ಎತ್ತಿದ. "ನಂಗೂ ಜಿಂಕೆ ಥರಾನೇ ಕಾಣೋದು ಟೀಚರ್."

ಕಣ್ಣಿನ ಡಾಕ್ಟರಿಗೆ ತೋರಿಸಲು ಅವರಮ್ಮನಿಗೆ ಹೇಳಿದ್ದೇನೆ. ತರಗತಿಯ ಬಣ್ಣದ ಪೆನ್ಸಿಲ್‌ಗಳಿಗೆಲ್ಲ ಈಗ ಹೆಸರು ಬರೆದ ಚೀಟಿ ಅಂಟಿಸಿದ್ದೇವೆ.