ಇಲ್ಲ, ಆ ಮುದುಕ ನಮ್ಮಪ್ಪ ಅಲ್ಲ

ಅಲ್ಲ. ಖಂಡಿತ ಅಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದು ಇಡುತ್ತಿದ್ದೇನೆ. ಇನ್ನು ಮೇಲೆ ಯಾರಾದರೂ ಕೇಳಿದರೆ ಇದನ್ನೇ ಕೈಗೆ ಕೊಟ್ಟು ಚಹಾ ಕುಡಿಯಲು ಹೋಗುತ್ತೇನೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನನ್ನದೊಂದು ಕಾದಂಬರಿ ಬಂದಿದೆ. ಗಂಗಾವತಿ ಕಡೆಯ ಒಂದು ಊರು, 40 ಎಕರೆ ಭತ್ತದ ಗದ್ದೆ, ಒಬ್ಬ ಯಜಮಾನ, ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಅವನು ಉಂಡು ಕೈ ತೊಳೆಯುವ ತನಕ ಮನೆಯಲ್ಲಿ ಯಾರೂ ಉಣ್ಣುವ ಹಾಗಿಲ್ಲ. ಬೆಲ್ಲ ಇಟ್ಟ ಕಪಾಟಿನ ಕೀಲಿಕೈ ಕೂಡ ಅವನ ಉಡದಾರದಲ್ಲೇ. 2024ರ ಆಗಸ್ಟ್ 10ರ ರಾತ್ರಿ ಅವನ ಕೊಲೆಯಾಗುತ್ತದೆ. ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತಲ್ಲ, ಅದೇ ರಾತ್ರಿ. ಹಿಂದಿನ ದಿನವಷ್ಟೇ ಪಂಚಮಿ. ಹೆಣ್ಣುಮಕ್ಕಳಿಬ್ಬರೂ ತವರಿಗೆ ಬಂದಿದ್ದಾರೆ. ಡಬ್ಬಿಯಲ್ಲಿ ಉಂಡಿ ಇನ್ನೂ ಮುಗಿದಿಲ್ಲ. ಡ್ಯಾಮಿನ ನೀರೆಲ್ಲ ಹೊಳೆಗೆ ಹೋದರೆ ಈ ಸಲದ ಬೆಳೆ ಗತಿಯೇನು ಅಂತ ಊರಿಗೆ ಊರೇ ಮೊಬೈಲ್ ಹಿಡಿದು ಕೂತಿದೆ. ಪೊಲೀಸರು ಕೇಳಿದಾಗ ಐದೂ ಮಕ್ಕಳದು ಒಂದೇ ಮಾತು: "ಡ್ಯಾಮಿನ ಸುದ್ದಿ ನೋಡ್ತಿದ್ವಿ ಸರ್." ಅದರಲ್ಲಿ ಒಬ್ಬರದು ಸುಳ್ಳು.

ಇಷ್ಟು ಓದಿದವರು, ಇಷ್ಟೂ ಓದದವರು, ಮುಖಪುಟ ಮಾತ್ರ ನೋಡಿದವರು, ಎಲ್ಲರೂ ಕೇಳುವುದು ಒಂದೇ. "ಆ ಯಜಮಾನ ನಿಮ್ಮಪ್ಪನೇ ಏನ್ರೀ?"

ನೇರವಾಗಿ ಕೇಳಿದರೆ ತಡೆದುಕೊಳ್ಳಬಹುದು. "ಅನುಭವ ಇಲ್ದೆ ಹಿಂಗ ಬರೆಯಾಕ ಆಗಂಗಿಲ್ಲ ಬಿಡ್ರಿ" ಅಂತ ಭುಜ ತಟ್ಟುತ್ತಾರಲ್ಲ, ಅವರನ್ನು ಕಂಡರೆ ಮೈ ಉರಿಯುತ್ತದೆ. ಒಂದು ಇಡೀ ಅಧ್ಯಾಯ ಕೊಲೆ ಮಾಡಿದವರ ಬಾಯಿಂದಲೇ ಬಂದಿದೆ. ಅದಕ್ಕೆ ಮಾತ್ರ ಅನುಭವ ಬೇಡವಂತೆ.

ನಮ್ಮಪ್ಪ ಟೇಲರ್. ಊರಿನ ಅರ್ಧ ಗಂಡಸರ ಸೊಂಟದ ಅಳತೆ ಅವರಿಗೆ ಇವತ್ತಿಗೂ ಬಾಯಿಪಾಠ. ಹೊಲಿಗೆ ದುಡ್ಡು ಕೇಳಲಿಕ್ಕೂ ನಾಚಿಕೆ ಪಡುವ ಮನುಷ್ಯ, ವಸೂಲಿಗೆ ಅವ್ವನೇ ಹೋಗಬೇಕಿತ್ತು. ಅವರ ಹೆಸರಿನಲ್ಲಿ ಒಂದು ಗುಂಟೆಯ ಪಹಣಿಯೂ ಇಲ್ಲ. ಅವರನ್ನು ಕೊಂದರೆ ನನಗೆ ಸಿಗುವುದೇನು? ಒಂದು ಹೊಲಿಗೆ ಮಷಿನ್. ಅದನ್ನೂ ತಮ್ಮನ ಜೊತೆ ಪಾಲು ಮಾಡಿಕೊಂಡರೆ ನನಗೆ ಗಾಲಿ, ಅವನಿಗೆ ಪೆಡಲ್.

ತಮಾಷೆ ಏನಂದ್ರೆ, ಅಪ್ಪನಿಗೆ ಇದು ಸೇರಿಬಿಟ್ಟಿದೆ. ಪುಸ್ತಕ ಬಂದ ಎರಡು ತಿಂಗಳಿಗೆ ಮೀಸೆ ಬಿಟ್ಟರು. ಬೆಳಗ್ಗೆ ಒಗ್ಗರಣಿ-ಮಿರ್ಚಿ ತಿನ್ನಲು ಹೋಟೆಲಿಗೆ ಹೋದರೆ ಹುಡುಗರು ಎದ್ದು ಬೆಂಚು ಬಿಟ್ಟುಕೊಡುತ್ತಾರಂತೆ. "ಮೊದಲ ಯಾರೂ ಏಳ್ತಿದ್ದಿಲ್ಲ" ಅಂತ ಅವ್ವನ ಮುಂದೆ ಹೇಳಿಕೊಂಡರು. ಪುಸ್ತಕವನ್ನು ಮಾತ್ರ 40ನೇ ಪುಟಕ್ಕೆ ನಿಲ್ಲಿಸಿದ್ದಾರೆ. ಯಜಮಾನ ಸಾಯುವುದು ಅಲ್ಲೇ. ಮುಂದೆ ಯಾಕೆ ಓದಲಿಲ್ಲ ಅಂತ ಕೇಳಿದೆ. "ನಾ ಸತ್ತ ಮ್ಯಾಲ ಓದೋದು ಏನೈತೋ?" ಅಂದರು.

ಅಂದರೆ ಅವರಿಗೂ ಅದೇ ಅನುಮಾನ.

ಕಾರಟಗಿಯಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಕೂತಿದ್ದೇನೆ, ಎಲೆಗೆ ಹೋಳಿಗೆ ಬಿದ್ದಿದೆ, ತುಪ್ಪದವನು ಎರಡು ಎಲೆ ಆಚೆ ಇದ್ದಾನೆ. ಎದುರು ಸಾಲಿನಿಂದ ಅಪ್ಪನ ಅಕ್ಕ, ನಮ್ಮ ಸೋದರತ್ತೆ, ಇಡೀ ಪೆಂಡಾಲಿಗೆ ಕೇಳುವ ಹಾಗೆ: "ಏನೋ, ನಮ್ಮ ತಮ್ಮನ್ನ ಕೊಂದೀಯಂತಲ್ಲೋ? ಅಂವ ನಿನಗೇನು ಮಾಡಿದ್ದ?" ತುಪ್ಪದವನು ಅಲ್ಲೇ ನಿಂತ. ಪಕ್ಕದಲ್ಲಿ ಕೂತಿದ್ದ ಬೀಗರ ಕಡೆಯವರು ಎಲೆಯನ್ನು ಒಂದು ಗೇಣು ಆಚೆ ಎಳೆದುಕೊಂಡರು. ನಾನು "ಅತ್ತೀ, ಅದು ಕಥಿ" ಅಂದೆ. "ಕಥಿಯಾಗರ ಯಾಕ ಕೊಲ್ಲಬೇಕು? ಇನ್ಯಾರೂ ಸಿಗಲಿಲ್ಲೇನು?" ಅಂದಳು. ಇದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ. ಅವತ್ತು ತುಪ್ಪವೂ ಬೀಳಲಿಲ್ಲ.

ಓದಿಕೊಂಡವರ ಕಾಟ ಬೇರೆ. ಅವರು "ಇದು ರಷ್ಯಾದ ಕರಮಜೋವ್ ಸಹೋದರರ ಕಥೆ ಅಲ್ವಾ?" ಅನ್ನುತ್ತಾರೆ. ದುಷ್ಟ ಅಪ್ಪ, ಮಕ್ಕಳು, ಕೊಲೆ, ಹೌದು. ದಾಸ್ತೊಯೆವ್‌ಸ್ಕಿ ಅದನ್ನು 1879-80ರಲ್ಲಿ ಪತ್ರಿಕೆಯಲ್ಲಿ ಕಂತುಕಂತಾಗಿ ಬರೆದು, 1881ರ ಮೊದಲಲ್ಲೇ ತೀರಿಕೊಂಡ. ಆದರೂ ಜನ ಬಿಟ್ಟರೇ? ಅವನ ಅಪ್ಪ 1839ರಲ್ಲಿ ಸತ್ತಾಗ, ಆಳುಗಳೇ ಕೊಂದರು ಅಂತ ಸುದ್ದಿ ಹಬ್ಬಿತ್ತು. ಅದನ್ನು ಹಿಡಿದುಕೊಂಡು ಮನೋವಿಶ್ಲೇಷಣೆಯ ಫ್ರಾಯ್ಡ್ 1928ರಲ್ಲಿ ಒಂದು ಪ್ರಬಂಧವನ್ನೇ ಬರೆದ. ಅತ್ತೆ ಪಂಕ್ತಿಯಲ್ಲಿ ಕೇಳಿದ್ದನ್ನು ಅವನು ಉದ್ದಕ್ಕೆ ಕೇಳಿದ, ಅಷ್ಟೇ. ಇನ್ನೊಂದು ಸಂಗತಿ ಹೇಳುತ್ತೇನೆ. ಆ ಕಾದಂಬರಿಯ ಕೆಟ್ಟ ಅಪ್ಪನ ಹೆಸರು ಫ್ಯೋದರ್. ಬರೆದವನ ಹೆಸರೂ ಫ್ಯೋದರ್. ಅಪ್ಪನನ್ನು ಹುಡುಕುತ್ತಾ ಹೋದವರು ಇದನ್ನು ನೋಡಿ ಏನು ಮಾಡುತ್ತಾರೋ.

(ಇನ್ನು ಕೆಲವರಿಗೆ ಕಾನೂನಿನ ಚಿಂತೆ. "ಕೊಲೆಗೆ 302 ಅಲ್ವಾ, 103 ಅಂತ ಹಾಕೀರಲ್ಲ?" 302 ಇದ್ದದ್ದು ಹಳೆಯ ದಂಡ ಸಂಹಿತೆಯಲ್ಲಿ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ ಸ್ವಾಮಿ. ಅದರಲ್ಲಿ ಕೊಲೆಗೆ ಶಿಕ್ಷೆ 103ನೇ ಕಲಂ. ನನ್ನ ಮುದುಕ ಸತ್ತದ್ದು ಆಗಸ್ಟಿನಲ್ಲಿ.)

ಹಾಗಾದರೆ ಅವನು ಎಲ್ಲಿಂದ ಬಂದ? ಹೇಳುತ್ತೇನೆ. ನಾನು ಬಾಂಡ್ ರೈಟರ್. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ನನ್ನ ಟೇಬಲ್. ವಿಭಾಗ ಪತ್ರ, ದಾನಪತ್ರ, ವಿಲ್, ಹಕ್ಕು ಬಿಡುಗಡೆ ಪತ್ರ, ದಿನವಿಡೀ ಇದೇ. ನಮ್ಮ ರಾಜ್ಯದಲ್ಲಿ 1994ರಲ್ಲೇ, ಇಡೀ ದೇಶಕ್ಕೆ 2005ರಲ್ಲಿ, ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಅಂತ ಕಾನೂನಾಯಿತು. ಕಾಗದದ ಮೇಲೆ ಪಾಲು ಬಂತು. ಅದನ್ನು ಬಿಟ್ಟುಕೊಡುವ ಕಾಗದ ಬರೆದು ನನ್ನ ಮನೆ ನಡೆಯುತ್ತಿದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ.

ಒಂದು ದಿನ ಒಬ್ಬ ಹೆಣ್ಣುಮಗಳನ್ನು ಅಣ್ಣಂದಿರು ಕರೆದುಕೊಂಡು ಬಂದರು. ಒಬ್ಬನ ಕೈಯಲ್ಲಿ ಕ್ಯಾರಿಬ್ಯಾಗ್, ಒಳಗೆ ಹೊಸ ಸೀರೆ. ಸಹಿ ಆದಮೇಲೆ ಕೊಡುವುದು. ಒಳಗೆ ಫೋಟೋ ತೆಗೆದರು, ಹೆಬ್ಬೆರಳು ಒತ್ತಿಸಿದರು. "ಯಾರ ಒತ್ತಾಯನೂ ಇಲ್ಲ ತಾನೇ ಅಮ್ಮಾ?" ಅಂತ ಸಾಹೇಬರು ಕೇಳಿದರು. ಅವಳು ಅಣ್ಣಂದಿರ ಮುಖ ನೋಡಲಿಲ್ಲ. ಕಿಟಕಿಯ ಆಚೆ ನೋಡಿದಳು. ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಒಬ್ಬ ಮುದುಕ ಕೂತಿದ್ದ. ಈ ಕಡೆ ಬೆನ್ನು. ತಿರುಗಿ ಕೂಡ ನೋಡಿರಲಿಲ್ಲ. "ಇಲ್ರೀ" ಅಂದಳು. ಹೊರಗೆ ಬಂದಾಗ ಅವನು ಕೇಳಿದ್ದು ಒಂದೇ ಮಾತು: "ಆತೇನು?"

ಆ ಬೆನ್ನಿನಿಂದ ಬರೆದೆ. ಮುಖ ನನಗೂ ಸರಿಯಾಗಿ ಕಾಣಲಿಲ್ಲ. ಕಂಡಿದ್ದರೆ ಬಹುಶಃ ಬರೆಯುತ್ತಿರಲಿಲ್ಲ, ಸಾಧಾರಣ ಮುದುಕನ ಹಾಗೇ ಇದ್ದಿರುತ್ತಾನೆ. ಪುಸ್ತಕ ಬಂದಮೇಲೆ ಮೂರು ಮನೆಯವರು "ಇದು ನಮ್ಮನಿ ಕಥಿ, ಯಾರು ಹೇಳಿದ್ರು ನಿಮಗ?" ಅಂತ ಜಗಳಕ್ಕೆ ಬಂದರು. ಮೂರೂ ಬೇರೆ ಬೇರೆ ಊರು.

ಅವನು ಯಾರು ಅನ್ನುವುದನ್ನು ಬಿಡಿ. ಐದು ಜನ ಬೆಳೆದ ಮಕ್ಕಳು ಆ ಮನೆಗೆ ಯಾಕೆ ಅಂಟಿಕೊಂಡಿದ್ದರು ಅಂತ ಕೇಳಿ. ಹಿರಿಯರ ಆಸ್ತಿಗೆ ಅಪ್ಪ ಬದುಕಿದ್ದಾಗಲೇ ಪಾಲು ಕೇಳಿ ದಾವಾ ಹಾಕಬಹುದು. ಹಿರಿಯವನಿಗೆ ಇದು ಗೊತ್ತು. ನನ್ನಂಥವನೇ ಒಬ್ಬ ಬರೆದುಕೊಟ್ಟ ಅರ್ಜಿ ಆರು ವರ್ಷದಿಂದ ಅವನ ಹಾಸಿಗೆ ಕೆಳಗಿದೆ. ಅಪ್ಪನ ಮೇಲೆ ಕೋರ್ಟಿಗೆ ಹೋದವ ಅಂತ ಊರು ಅಂದೀತು ಎಂಬ ಅಂಜಿಕೆ ಒಂದು. ಇನ್ನೊಂದು ಇದಕ್ಕಿಂತ ಕೆಟ್ಟದ್ದು: ಒಂದಲ್ಲ ಒಂದು ದಿನ ಆ ಮುದುಕ ತನ್ನನ್ನು "ಶಾಣ್ಯಾ ಅದಿ" ಅಂದಾನು ಅನ್ನುವ ಆಸೆ. ಅರ್ಜಿಯೂ ಅಲ್ಲೇ, ಆಸೆಯೂ ಅಲ್ಲೇ. ಸತ್ತಮೇಲೆ ಇನ್ನೊಂದು ಆಟ ಶುರು. ಕೊಂದವರಿಗೆ ಸತ್ತವರ ಆಸ್ತಿ ಬರುವುದಿಲ್ಲ, ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಕಲಂ. ಅಣ್ಣನೇ ಕೊಂದ ಅಂತ ಆದರೆ ತಮ್ಮನಿಗೆ ಲಾಭ. ಹಾಗಾಗಿ ನಿಜವಾಗಿ ಅತ್ತವರನ್ನೂ ಆ ಮನೆಯಲ್ಲಿ ಯಾರೂ ನಂಬುವುದಿಲ್ಲ.

ನನಗೆ ಇಷ್ಟವಾದ ಭಾಗ ಬೇರೆ. ಮಣ್ಣು ಮಾಡಿ ಬಂದ ರಾತ್ರಿ. ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ, ಬಾಜು ಮನೆಯವರು ಅನ್ನ, ಸಾರು ತಂದಿದ್ದಾರೆ. ಆ ಮನೆಯಲ್ಲಿ ಮೊದಲ ಸಲ ಎಲ್ಲರೂ ಒಟ್ಟಿಗೆ ಉಣ್ಣಲು ಕೂರುತ್ತಾರೆ. ಯಾರ ಕೈ ತೊಳೆಯುವುದನ್ನೂ ಕಾಯುವ ಹಾಗಿಲ್ಲ. ನಡುವಿನ ಸೊಸೆ ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಾಳೆ. ಕಿರಿಯವನು ಏನಕ್ಕೋ ನಗುತ್ತಾನೆ, ಆಮೇಲೆ ಸುಮ್ಮನಾಗುತ್ತಾನೆ. ಇದರ ಬಗ್ಗೆ ಕೇಳಲಿ ಅಂತ ಕಾದೆ. ಯಾರೂ ಕೇಳಲಿಲ್ಲ.

ಹೋದ ತಿಂಗಳು ಸಿಂಧನೂರಿನಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. "ಸರ, ಕಾದಂಬರಿ ಬಗ್ಗೆ ಒಂದು ಕೇಳಬೇಕಿತ್ತು" ಅಂದಳು. "ಅಲ್ಲಮ್ಮಾ, ಅವರು ನಮ್ಮಪ್ಪ ಅಲ್ಲ" ಅಂದೆ. "ಅದಲ್ರೀ. ಅವತ್ತು ರಾತ್ರಿ ಎಲ್ಲಾರೂ ಉಂಡ್ರಲ್ಲ, ಆ ಮಕ್ಕಳ ಅವ್ವ ಉಂಡಳೋ ಇಲ್ಲೋ?"

ನೋಡಿ ಹೇಳುತ್ತೇನೆ ಅಂದೆ. ಫೋನ್ ಇಟ್ಟು ಪುಸ್ತಕ ತೆಗೆದೆ. ಎಲ್ಲರ ತಾಟೂ ಇದೆ. ಯಾರು ಎಷ್ಟು ಉಂಡರು ಅನ್ನುವುದೂ ಇದೆ. ಬಡಿಸುವ ಕೈ ಒಂದು ಓಡಾಡುತ್ತಿದೆ. ಆಮೇಲೆ ದೀಪ ಆರಿಸುತ್ತಾರೆ. ಅವಳ ತಾಟನ್ನು ನಾನು ಇಟ್ಟೇ ಇಲ್ಲ.

ಮುಂದಿನ ಮುದ್ರಣದಲ್ಲಿ ಸರಿಮಾಡುತ್ತೇನೆ ಅಂತ ಅವಳಿಗೆ ಹೇಳೋಣ ಅಂದ್ರೆ, ಈ ಮುದ್ರಣದ 300 ಪ್ರತಿ ಅಟ್ಟದ ಮೇಲೆ ಹಾಗೇ ಇವೆ.